ಸೇರು, ಕಿಲೋ ಮತ್ತು ನಲವತ್ತು ನಂಬರಿನ ನೂಲು

ನೂರು ವರ್ಷಗಳ ಹಿಂದೆ ಜಮಖಂಡಿಯಿಂದ ರಬಕವಿಗೆ ಹೊರಟವರು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಕಾಲಿಡುತ್ತಿದ್ದರು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿಯಲ್ಲಿ ಬ್ರಿಟಿಷರ ನೇರ ಆಡಳಿತ. ಆಗ ಸೇರು ಎಂಬ ಹೆಸರು ಎಲ್ಲೆಡೆ ಇದ್ದರೂ ಅದರ ಬೆಲೆ ಎಲ್ಲೆಡೆ ಒಂದೇ ಆಗಿರಲಿಲ್ಲ. ಕೆಲವೆಡೆ ಅದು ತೂಕದ ಮಾನ, ಕೆಲವೆಡೆ ಕಾಳು ಅಳೆಯುವ ಪಾತ್ರೆ. ಪಾತ್ರೆಯ ಬಾಯಿ ಸಮ ಮಾಡಿ ಅಳೆಯಬೇಕೋ, ಮೇಲೆ ರಾಶಿ ಏರಿಸಿ ಅಳೆಯಬೇಕೋ ಎಂಬ ಜಗಳ ಬೇರೆ! 1939ರ ಕಾಯಿದೆ ಸೇರಿಗೆ 80 ತೊಲೆ ಎಂದು ಗೊತ್ತುಪಡಿಸಿತಾದರೂ ಅದು ಬ್ರಿಟಿಷ್ ಭಾರತಕ್ಕೆ ಮಾತ್ರ ಅನ್ವಯಿಸುತ್ತಿತ್ತು.

1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಮೆಟ್ರಿಕ್ ಪದ್ಧತಿಯ ಕಾಯಿದೆ ಬಂದಿತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಯಾಯಿತು. 80 ತೊಲೆಯ ಸೇರು ಸುಮಾರು 933 ಗ್ರಾಂ. ಅದನ್ನೇ ಕಿಲೋ ಎಂದು ತಿಳಿದು ಬೆಲ್ಲ ಕೊಂಡವರಿಗೆ 67 ಗ್ರಾಂ ನಷ್ಟ.

ನೂಲಿನ ಲೆಕ್ಕ ಮಾತ್ರ ಬದಲಾಗಲಿಲ್ಲ. ರಬಕವಿ-ಬನಹಟ್ಟಿ ನೇಕಾರರ ಊರು. 840 ಗಜ ಉದ್ದದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡು ತೂಗುತ್ತದೆಯೋ ಅದೇ ಹತ್ತಿನೂಲಿನ ನಂಬರು. ಇದು ಇಂಗ್ಲೆಂಡಿನ ಗಿರಣಿಗಳಿಂದ ಬಂದ ಮಾನ. 10 ಪೌಂಡಿನ ಗಂಟು ಮೆಟ್ರಿಕ್ ಬಂದ ಮೇಲೂ 4.54 ಕಿಲೋ ಎಂಬ ವಿಚಿತ್ರ ಅಂಕಿಯಾಗಿ ಉಳಿಯಿತು.

ಮಾಪನದ ದೋಷವನ್ನು ಕಲಿಸಲು ಈ ನೂಲಿಗಿಂತ ಒಳ್ಳೆಯ ಸಾಧನ ಬೇಕಿಲ್ಲ. ಲಡಿಯ ಏಳನೆಯ ಒಂದು ಭಾಗ, ಅಂದರೆ 120 ಗಜ ನೂಲನ್ನು ತೂಗಿ. ಪೌಂಡಿಗೆ 7000 ಗ್ರೇನ್. ಆದ್ದರಿಂದ 1000ವನ್ನು ಗ್ರೇನ್ ತೂಕದಿಂದ ಭಾಗಿಸಿದರೆ ನಂಬರು ಸಿಗುತ್ತದೆ. 40 ನಂಬರಿನ ನೂಲು 25 ಗ್ರೇನ್ ತೂಗಬೇಕು. ತಕ್ಕಡಿ ಒಂದು ಗ್ರೇನ್ ಕಡಿಮೆ ತೋರಿಸಿದರೆ ಉತ್ತರ 41.7, ಹೆಚ್ಚು ತೋರಿಸಿದರೆ 38.5. ಇಡೀ ಲಡಿಯನ್ನೇ ತೂಗಿದರೆ 175 ಗ್ರೇನ್. ಅಲ್ಲಿ ಅದೇ ಒಂದು ಗ್ರೇನ್ ದೋಷದಿಂದ ಉತ್ತರ 39.8ರಿಂದ 40.2ರ ಒಳಗೇ ಇರುತ್ತದೆ. ದೋಷ ಅಷ್ಟೇ, ಸಾಪೇಕ್ಷ ದೋಷ ಏಳರಲ್ಲಿ ಒಂದು ಪಾಲು.

ಆದರೆ ಎಲ್ಲ ದೋಷಗಳೂ ಹೀಗೆ ಕುಗ್ಗುವುದಿಲ್ಲ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ಪೂರ್ತಿ ಒಣಗಿದ 100 ಗ್ರಾಂ ನೂಲಿಗೆ 8.5 ಗ್ರಾಂ ತೇವ ಎಂಬುದು ವ್ಯಾಪಾರದ ವಾಡಿಕೆ. ಬಿಸಿಲುಕಾಲದಲ್ಲಿ ತೇವ 5 ಗ್ರಾಂಗೆ ಇಳಿಯಿತೆನ್ನಿ. ಆಗ 4.54 ಕಿಲೋ ಗಂಟಿನಲ್ಲಿ ಸುಮಾರು 146 ಗ್ರಾಂ ಕಾಣೆಯಾಗುತ್ತದೆ! ನೂರು ಸಲ ತೂಗಿ ಸರಾಸರಿ ತೆಗೆದರೂ ಅದು ಮರಳಿ ಬಾರದು. ಇದು ವ್ಯವಸ್ಥಿತ ದೋಷ. ನೂಲನ್ನು ತೂಕ ಮಾಡಿ ಕೊಟ್ಟು, ಬಟ್ಟೆಯನ್ನು ತೂಕ ಮಾಡಿ ಪಡೆಯುವ ಕಡೆ ಈ ಕೊರತೆ ನೇಕಾರನ ತಲೆಗೆ ಬರುತ್ತದೆ. ಕದ್ದವನು ಗಾಳಿ, ಅನುಮಾನ ಮಗ್ಗದವನ ಮೇಲೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ಪರಿಹಾರ ಸರಳ: ಮಾದರಿ ನೂಲನ್ನು ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಿ, ಆ ತೂಕಕ್ಕೆ ನೂರಕ್ಕೆ 8.5ರಂತೆ ಸೇರಿಸುತ್ತಾರೆ.