ಇನಾಮು ದಾಖಲೆಯ ಹೆಸರೂ ದೀಕ್ಷಾಸ್ನಾನ ದಾಖಲೆಯ ಹೆಸರೂ

ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಸಭಾಕುಟುಂಬಗಳು ತಮ್ಮ ಮನೆತನದ ಮೂಲವನ್ನು ಅರಸಹೊರಟಾಗ ಹಳೆಯ ಭೂದಾಖಲೆಗಳೇ ಮೊದಲ ಆಸರೆಯಾಗಿ ತೋರುತ್ತವೆ. ಆದರೆ ಆ ದಾಖಲೆಗಳು ಯಾರನ್ನು ಹೆಸರಿಸಿದವು, ಯಾರನ್ನು ಹೆಸರಿಸದೆ ಬಿಟ್ಟವು ಎಂಬುದನ್ನು ನಾವು ಮೊದಲು ಅರಿಯಬೇಕು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲಗಳನ್ನು ಅಳೆಯಿಸಿ, ರಯತವಾರಿ ಪದ್ಧತಿಗೆ ತಳಹದಿ ಹಾಕಿದನು. ಮದ್ರಾಸು ಪ್ರಾಂತದಲ್ಲಿ 1858ರಲ್ಲಿ ಆರಂಭವಾದ ಇನಾಂ ಕಮಿಷನ್, ಪ್ರತಿ ಇನಾಮು ಭೂಮಿಯನ್ನೂ ವಿಚಾರಿಸಿ, ಕೊಟ್ಟವರು ಯಾರು, ಮೊದಲು ಪಡೆದವರು ಯಾರು, ಈಗ ಅನುಭವಿಸುತ್ತಿರುವವರು ಯಾರು ಎಂದು ಬರೆದಿರಿಸಿತು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರು 1949ರವರೆಗೂ ಪ್ರತ್ಯೇಕವಾಗಿದ್ದುದರಿಂದ ಅಲ್ಲಿಯ ಮನೆತನಗಳನ್ನು ಸಂಸ್ಥಾನದ ಕಾಗದಪತ್ರಗಳಲ್ಲಿಯೇ ಹುಡುಕಬೇಕು.

ಇನಾಮುಗಳಲ್ಲಿ ಗ್ರಾಮಸೇವೆಗಾಗಿ ಕೊಟ್ಟವೂ ಇದ್ದವು. ಲೆಕ್ಕ ಬರೆಯುವ ಶಾನುಭೋಗ, ಊರು ಕಾಯುವ ತಳವಾರ, ಕಾಲುವೆಯ ನೀರು ಹಂಚುವ ನೀರಗಂಟಿ, ಇವು ಮೊದಲು ವೃತ್ತಿಯ ಹೆಸರುಗಳು. ಅನಂತರ ಅಡ್ಡಹೆಸರುಗಳೂ ಆದವು. ಆದಕಾರಣ ಎರಡು ಊರುಗಳ ತಳವಾರರು ಒಂದೇ ವಂಶದವರೆಂದು ಹೆಸರಿನ ಬಲದಿಂದಷ್ಟೇ ಹೇಳಲಾಗದು.

ಇನ್ನೊಬ್ಬರ ಹೊಲದಲ್ಲಿ ದುಡಿದು ಬಾಳಿದವರ ಹೆಸರು ಇನಾಮು ದಾಖಲೆಯಲ್ಲಿ ಬರಲು ಕಾರಣವೇ ಇರಲಿಲ್ಲ. 1810ರಲ್ಲಿ ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಮೇಲೆ ಈ ಸೀಮೆಯಲ್ಲಿ ಬೇರೊಂದು ಬಗೆಯ ದಾಖಲೆ ಬೆಳೆಯಿತು. ದೀಕ್ಷಾಸ್ನಾನದ ಪುಸ್ತಕದಲ್ಲಿ ಹೆಸರು ಬರೆಯಿಸಲು ಭೂಮಿ ಬೇಕಿರಲಿಲ್ಲ. ಆದರೆ ಹೊಸ ಹೆಸರು ಪಡೆದವನ ಹಳೆಯ ಹೆಸರನ್ನೂ ಊರನ್ನೂ ಬರೆಯದೆ ಬಿಟ್ಟಲ್ಲಿ, ಹಿಂದಿನ ಕೊಂಡಿ ಅಲ್ಲಿಯೇ ಕಡಿಯಿತು.

ಎಜ್ರನ ಗ್ರಂಥದ 2ನೆಯ ಅಧ್ಯಾಯವು ನಮಗೆ ಎಚ್ಚರಿಕೆಯಾಗಿದೆ. ಸೆರೆಯಿಂದ ಹಿಂದಿರುಗಿದವರಲ್ಲಿ ಕೆಲವು ಯಾಜಕ ಮನೆತನಗಳು ತಮ್ಮ ವಂಶಾವಳಿಯ ಪತ್ರವನ್ನು ಕಾಣದೆ ಯಾಜಕತ್ವದಿಂದ ಹೊರಗುಳಿದವು. ಅವರಲ್ಲೊಬ್ಬನ ಮನೆತನಕ್ಕೆ, ಅವನು ಮದುವೆಯಾದ ಮನೆಯ ಬರ್ಜಿಲ್ಲೈ ಎಂಬ ಹೆಸರೇ ನಿಂತಿತ್ತು. ಹೆಸರು ಬದಲಾಗಬಲ್ಲದು, ಪತ್ರ ಕಳೆಯಬಲ್ಲದು. ಆದರೂ ಆ ಜನರು ಇದ್ದರು, ಸಭೆಯೊಂದಿಗೆ ನಡೆದು ಬಂದರು.

ಆದ್ದರಿಂದ ಇನಾಮು ಪತ್ರವಿಲ್ಲದ ಕುಟುಂಬಕ್ಕೆ ಚರಿತ್ರೆಯಿಲ್ಲವೆಂದು ಸಭಾಪಾಲಕರಾದ ನಾವು ಎಂದೂ ಹೇಳಬಾರದು. ಗೆದ್ದಲು ಹಿಡಿಯುವ ಮುನ್ನ ನಮ್ಮ ಸಭೆಗಳ ಹಳೆಯ ಪುಸ್ತಕಗಳನ್ನು ಕಾಪಾಡೋಣ. ಹೊಸದಾಗಿ ಬರೆಯುವಾಗ ತಂದೆಯ ಹೆಸರಿನೊಡನೆ ತಾಯಿಯ ಹೆಸರನ್ನೂ, ಹಿಂದಿನ ಹೆಸರನ್ನೂ, ಊರನ್ನೂ ತಪ್ಪದೆ ದಾಖಲಿಸೋಣ.