ಗದಗ ಪರಿಸರದ ಲಮಾಣಿಗರು: ವಲಸೆ ಮತ್ತು ಕುಲವಿಭಾಗ

ಹೇರೆತ್ತುಗಳ ವ್ಯಾಪಾರವು ಲಕ್ಕುಂಡಿಯ ನೆಲಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಲೊಕ್ಕಿಗುಂಡಿಯು ಟಂಕಸಾಲೆಯಿದ್ದ ನಗರ; ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ಅಂದಿನ ದೂರವ್ಯಾಪಾರವನ್ನು ನಿರ್ವಹಿಸುತ್ತಿದ್ದವು. ಆದರೆ ಇಂದು ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ತಾಂಡಾಗಳಲ್ಲಿ ನೆಲೆಸಿರುವ ಲಮಾಣಿಗರನ್ನು ಆ ಸಂಘಗಳ ಮುಂದುವರಿಕೆಯೆಂದು ಭಾವಿಸುವಂತಿಲ್ಲ. ಅವರ ಮಾತಾದ ಗೋರಬೋಲಿಯೇ ಇದಕ್ಕೆ ಸಾಕ್ಷಿ. 1907ರಲ್ಲಿ ಪ್ರಕಟವಾದ ಭಾಷಾ ಸಮೀಕ್ಷೆಯ ಸಂಪುಟದಲ್ಲಿ ಗ್ರಿಯರ್‌ಸನ್ ಇದರ ನಂಟನ್ನು ರಾಜಸ್ಥಾನಿ, ಗುಜರಾತಿಗಳೊಂದಿಗೆ ಗುರುತಿಸಿದನು. ಸುತ್ತಲೂ ಕನ್ನಡವೇ ಇದ್ದರೂ ಮನೆಮಾತು ಉಳಿದುಬಂದಿರುವುದು ಗಮನಾರ್ಹ.

ದಖ್ಖನಿಗೆ ಇವರ ಆಗಮನವನ್ನು ಸಾಮಾನ್ಯವಾಗಿ 1630ರ ಸುಮಾರಿಗೆ, ಶಾಹಜಹಾನನ ವಜೀರ ಆಸಫ್‌ಖಾನನ ಬಿಜಾಪುರ ದಂಡಯಾತ್ರೆಗೆ ಜೋಡಿಸಲಾಗುತ್ತದೆ. ವರ್ಹಾಡದಲ್ಲಿ ಅಧಿಕಾರಿಯಾಗಿದ್ದ ಕಂಬರ್ಲೆಜ್ 1882ರಲ್ಲಿ ದಾಖಲಿಸಿದ ಪರಂಪರೆಯಂತೆ ರಾಠೋಡ ಕುಲದ ಭಂಗಿ ಮತ್ತು ಝಂಗಿ ನಾಯಕರ ಬಳಿ 1,80,000 ಎತ್ತುಗಳಿದ್ದವು. ವಡತಿಯಾ ಕುಲದ ಭಗವಾನದಾಸನ ಬಳಿ 52,000. ಈ ಸಂಖ್ಯೆಗಳಲ್ಲಿ ನಾಯಕರ ಹಿರಿಮೆಯ ಪಾಲು ಹೆಚ್ಚೆಂದೇ ತೋರುತ್ತದೆ. ಆದರೂ 1632ರಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿದ ಪೀಟರ್ ಮಂಡಿ ಒಂದೇ ತಾಂಡಾದಲ್ಲಿ 14,000 ಎತ್ತುಗಳನ್ನು ಕಂಡುದಾಗಿ ಬರೆದಿರುವುದರಿಂದ ಅವುಗಳನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಹಾಕಲಾಗದು. ಒಂದು ದಂಡಿನ ಬೆನ್ನುಹತ್ತಿ ಬಂದವರ ಕಥೆಯನ್ನು ಇಡೀ ಜನಾಂಗದ ವಲಸೆಯ ಚರಿತ್ರೆಯನ್ನಾಗಿ ಓದುವುದು ಮಾತ್ರ ಸರಿಯಲ್ಲ. ಧಾನ್ಯ ಮತ್ತು ಉಪ್ಪಿನ ಹೇರು ಹೊತ್ತ ತಾಂಡಾಗಳು ಹಲವು ದಾರಿಗಳಿಂದ, ಹಲವು ತಲೆಮಾರುಗಳಲ್ಲಿ ತೆಂಕಣಕ್ಕೆ ಇಳಿದಿರಬೇಕು.

ಈ ಚದುರಿದ ತಾಂಡಾಗಳನ್ನು ಒಂದಾಗಿ ಹಿಡಿದಿಟ್ಟಿದ್ದು ಕುಲವ್ಯವಸ್ಥೆ. ತಮ್ಮನ್ನು 'ಗೋರ' ಎಂದೂ ಹೊರಗಿನವರನ್ನು 'ಕೋರ' ಎಂದೂ ಕರೆಯುವ ಇವರಲ್ಲಿ ರಾಠೋಡ, ಪವಾರ, ಚವಾಣ, ವಡತಿಯಾ ಎಂಬ ನಾಲ್ಕು ಮುಖ್ಯ ಕುಲಗಳಿವೆ. ವಡತಿಯಾರನ್ನು ಜಾಧವರೆಂದೂ ಕರೆಯುವುದುಂಟು. ರಾಠೋಡರಲ್ಲಿ 27, ಪವಾರರಲ್ಲಿ 12, ಚವಾಣರಲ್ಲಿ 6 ಪಾಡಾಗಳೆಂಬುದು ಪರಂಪರೆಯ ಎಣಿಕೆ. ಮೂಡ, ಪಾಲತಿಯಾ, ಕೊರ್ರಾ ಮುಂತಾದವು ಚವಾಣರ ಪಾಡಾಗಳು. ಒಂದೇ ಕುಲದೊಳಗೆ ವಿವಾಹ ನಿಷಿದ್ಧ. ಹೀಗಾಗಿ ಹೆಣ್ಣು-ಗಂಡಿಗಾಗಿ ಬೇರೆ ಕುಲದ ತಾಂಡಾವನ್ನು ಅರಸುವುದು ಅನಿವಾರ್ಯವಾಗಿ, ದೂರದ ತಾಂಡಾಗಳ ನಡುವೆ ಬೀಗತನ ಬೆಳೆಯಿತು. ಕುಲಗಳು ಜನರನ್ನು ಬೇರ್ಪಡಿಸಿದವು ಎನ್ನುವುದಕ್ಕಿಂತ ಬೆಸೆದವು ಎನ್ನುವುದೇ ಯುಕ್ತ. ತಾಂಡಾದ ಒಳಾಡಳಿತ ನಾಯಕ, ಡಾವ, ಕಾರಭಾರಿಗಳ ಕೈಯಲ್ಲಿತ್ತು.

1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಜುಲೈ ತಿಂಗಳಲ್ಲಿ ಲಕ್ಕುಂಡಿಗೆ ಸಮೀಪದ ಡಂಬಳದ ಕೋಟೆಯನ್ನು ವಶಪಡಿಸಿಕೊಂಡನು. ಅವನ ದಂಡಿನ ಧಾನ್ಯ ಪೂರೈಕೆ ಬಹುಮಟ್ಟಿಗೆ ಬಂಜಾರರನ್ನೇ ಅವಲಂಬಿಸಿತ್ತು. ಶಾಂತಿಕಾಲ ಬಂದೊಡನೆ ಆ ಬೇಡಿಕೆ ಕುಗ್ಗಿತು. 1884ರಲ್ಲಿ ಗದಗಿಗೆ ರೈಲು ಬಂದ ಮೇಲೆ ಲದೇಣಿ, ಅಂದರೆ ಹೇರಿನ ವ್ಯಾಪಾರ, ಕ್ರಮೇಣ ನಿಂತುಹೋಯಿತು. ಎತ್ತು ಮಾರಿದವರು ಕಪ್ಪತಗುಡ್ಡದಂತಹ ಅಡವಿಯಂಚಿನಲ್ಲಿ ಉಳಿದು ಕಟ್ಟಿಗೆ, ಕೂಲಿ, ಒಕ್ಕಲುತನಗಳನ್ನು ಹಿಡಿದರು. ಮುಂಡರಗಿ ತಾಲ್ಲೂಕಿನ ಡೋಣಿ ತಾಂಡಾದಂತಹ ಹೆಸರುಗಳು ತಾಯಿಗ್ರಾಮದ ಹೆಸರಿಗೆ ತಾಂಡಾ ಸೇರಿ ಆದವು.

ನೆಲೆ ನಿಂತ ಮೇಲಿನ ವಿಭಾಗಗಳನ್ನು ಮಾಡಿದ್ದು ಕುಲವಲ್ಲ, ರಾಜ್ಯ. 1976ರ ತಿದ್ದುಪಡಿ ಕಾಯ್ದೆಯ ತರುವಾಯ ಲಂಬಾಣಿಗರು ಕರ್ನಾಟಕದಾದ್ಯಂತ ಪರಿಶಿಷ್ಟ ಜಾತಿಗೆ ಸೇರಿದರು. ತೆಲಂಗಾಣದಲ್ಲಿ ಅದೇ ಕುಲದವರು ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಇನ್ನು ನೆಲದ ಹಕ್ಕಿನ ಮಾತು ಬೇರೆಯೇ. ಕರ್ನಾಟಕದ ಬಹುಪಾಲು ತಾಂಡಾಗಳು ಬಹುಕಾಲ ಕಂದಾಯ ಗ್ರಾಮಗಳಾಗಿರಲಿಲ್ಲ. ತಾಂಡಾ ಅಭಿವೃದ್ಧಿ ನಿಗಮವು 2009ರಲ್ಲಿ ಸ್ಥಾಪನೆಯಾಯಿತು. ಕಾನೂನಿನ ತಿದ್ದುಪಡಿಗಳ ಬಳಿಕ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸುವ ಕಾರ್ಯ ಆರಂಭವಾಗಿ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು.