ಇತಿಹಾಸಪೂರ್ವ ಕಾಲದ ಉಡುಪು

ಬರಹ ಬಳಕೆಗೆ ಬರುವ ಮೊದಲಿನ ಜನ ಏನು ಉಡುತ್ತಿದ್ದರು ಎಂಬುದನ್ನು ಪುರಾತತ್ತ್ವಜ್ಞರು ತಿಳಿಯುವುದು ಬಹುಮಟ್ಟಿಗೆ ಬಟ್ಟೆಯಿಂದಲ್ಲ, ಬಟ್ಟೆಯ ಸುತ್ತ ಇದ್ದ ವಸ್ತುಗಳಿಂದ. ಹತ್ತಿ, ನಾರು, ತೊಗಲು ಮೂರೂ ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಬೆಂಗಳೂರು ಗ್ರಾಮಾಂತರದ ಕೆಂಪು ಮಣ್ಣಿನಲ್ಲಿ, ಒಂದು ಋತು ನೆನೆದು ಇನ್ನೊಂದು ಋತು ಒಣಗುವ ನೆಲದಲ್ಲಿ, ಮೂಳೆ ಉಳಿಯುವುದೇ ಕಷ್ಟ. ಇಂದು ಮಗ್ಗದ ಸದ್ದಿಗೆ ಹೆಸರಾದ ದೊಡ್ಡಬಳ್ಳಾಪುರದ ಸೀಮೆಗೂ ಇದೇ ಮಾತು ಸಲ್ಲುತ್ತದೆ.

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿ ಬೃಹತ್ ಶಿಲಾಯುಗದ ಗೋರಿಗಳ ಉತ್ಖನನ ನಡೆಸಿದರು. ದೇವನಹಳ್ಳಿ ದಾರಿಯ ಚಿಕ್ಕಜಾಲದಲ್ಲೂ ಅಂಥ ಕಲ್ಲುಗೋರಿಗಳಿವೆ. ದಕ್ಷಿಣ ಭಾರತದ ಈ ಬಗೆಯ ಗೋರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಹತಾರ, ಮಣಿ. ಯುರೋಪಿನ ಗೋರಿಗಳಲ್ಲಿ ಹೆಗಲ ಬಳಿ ಬಿದ್ದ ಲೋಹದ ಪಿನ್ನು ಮೇಲುಹೊದಿಕೆಯನ್ನು ಎಲ್ಲಿ ಸಿಕ್ಕಿಸಿದ್ದರು ಎಂದು ತೋರಿಸಿಬಿಡುತ್ತದೆ. ಇಲ್ಲಿ ಆ ಅನುಕೂಲವಿಲ್ಲ. ಪಂಚೆ, ಸೀರೆಯಂತೆ ಸುತ್ತಿ ಗಂಟು ಹಾಕುವ ಉಡುಪಿಗೆ ಗುಂಡಿಯೂ ಬೇಡ, ಪಿನ್ನೂ ಬೇಡ. ಜೊತೆಗೆ ಎಷ್ಟೋ ಗೋರಿಗಳಲ್ಲಿ ದೇಹವನ್ನು ನೇರವಾಗಿ ಹೂಳದೆ, ಬೇರೆಡೆ ಕೊಳೆತ ಮೇಲೆ ಮೂಳೆ ಆಯ್ದು ಇಟ್ಟಿರುತ್ತಾರೆ. ಉಡುಪಿನ ಕುರುಹು ಗೋರಿಗೆ ಬರುವ ಮೊದಲೇ ಕಳೆದಿರುತ್ತದೆ. ಕುರುಹು ಸಿಗದಿದ್ದ ಮಾತ್ರಕ್ಕೆ ಆ ಜನ ಬರಿಮೈಯಲ್ಲಿದ್ದರು ಎನ್ನಲಾಗದು. ಪಠ್ಯಪುಸ್ತಕದ ಚಿತ್ರಗಳಲ್ಲಿ ಆದಿಮಾನವ ಸದಾ ಎಲೆಯನ್ನೇ ಸುತ್ತಿಕೊಂಡಿರುವುದು ಚಿತ್ರಕಾರರ ಕೊಡುಗೆ.

ಉಡುಪಿನ ಆರಂಭದ ಬಗ್ಗೆ ಅನಿರೀಕ್ಷಿತ ಸಾಕ್ಷ್ಯ ಕೊಟ್ಟದ್ದು ಹೇನು. ಬಟ್ಟೆಯ ಮಡಿಕೆಯಲ್ಲಿ ಬದುಕುವ ಮೈಹೇನು ತಲೆಹೇನಿನಿಂದ ಕವಲೊಡೆದದ್ದು ಯಾವಾಗ ಎಂದು ವಂಶವಾಹಿಗಳಿಂದ ಲೆಕ್ಕ ಹಾಕಿದ 2011ರ ಅಧ್ಯಯನ ಸುಮಾರು 1,70,000 ವರ್ಷಗಳ ಹಿಂದೆ ಎಂದಿತು. 2003ರ ಇನ್ನೊಂದು ಲೆಕ್ಕ ಸುಮಾರು 70,000 ಎಂದಿತ್ತು. ಅಂತರ ದೊಡ್ಡದು, ಆದರೂ ಎರಡೂ ನೂಲುವ ಕಲೆಯ ಯಾವ ಕುರುಹಿಗಿಂತಲೂ ಹಿಂದಿನವು. ಬಹುಶಃ ಮೊದಲು ಬಂದದ್ದು ತೊಗಲು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೆ.ಆರ್.ಯು. ಟಾಡ್ ಗುರುತಿಸಿ 1948ರಲ್ಲಿ ಪ್ರಕಟಿಸಿದ ಬೆಣಚುಕಲ್ಲಿನ ಸಣ್ಣ ಆಯುಧಗಳಂಥವು ಇಲ್ಲಿ ಉಪಯೋಗಕ್ಕೆ ಬರುತ್ತವೆ. ತೊಗಲು ಹೆರೆದ ಕಲ್ಲಿನ ಅಂಚು ನುಣ್ಣಗೆ ಸವೆಯುತ್ತದೆ, ಮರ ಕೆತ್ತಿದ್ದು ಬೇರೆ ರೀತಿ ಸವೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ವ್ಯತ್ಯಾಸ ಕಾಣುತ್ತದೆ.

ನೂಲಿಗೆ ಬಂದರೆ ಮುಖ್ಯ ಸಾಕ್ಷಿ ತಕಲಿಯ ಬಿಲ್ಲೆ. ಕದಿರು ಮರದ್ದಾದರೆ ಕೊಳೆಯುತ್ತದೆ, ಅದಕ್ಕೆ ಸಿಕ್ಕಿಸಿದ ಮಣ್ಣಿನ ಬಿಲ್ಲೆ ಉಳಿಯುತ್ತದೆ. ಹಗುರ ಬಿಲ್ಲೆ ಸಣ್ಣ ನೂಲಿಗೆ, ಭಾರದ್ದು ದಪ್ಪ ನೂಲಿಗೆ ಒಗ್ಗುತ್ತದೆಂಬ ಕಾರಣಕ್ಕೆ ಅದನ್ನು ತೂಗಿ, ಅಳೆದು ದಾಖಲಿಸುತ್ತಾರೆ. ತೊಡಕೂ ಇಲ್ಲೇ ಇದೆ. ಒಡೆದ ಮಡಕೆಯ ಚೂರನ್ನು ದುಂಡಗೆ ಉಜ್ಜಿ ತೂತು ಕೊರೆದದ್ದೆಲ್ಲ ತಕಲಿಯ ಬಿಲ್ಲೆಯಲ್ಲ. ಬಲೆಗೆ ಕಟ್ಟಿದ ಭಾರವಿರಬಹುದು, ಮಕ್ಕಳ ಆಟಿಕೆಯೂ ಇರಬಹುದು. ತೂತಿಲ್ಲದ ಬಿಲ್ಲೆಯಂತೂ ಕುಂಟೆಬಿಲ್ಲೆ ಆಡಿದವರಿಗೆ ಹೊಸದೇನಲ್ಲ.

ಬೆಳೆಯ ಸಾಕ್ಷ್ಯಕ್ಕೆ ಕರ್ನಾಟಕದಲ್ಲಿ ನೋಡಬೇಕಾದದ್ದು ತುಂಗಭದ್ರೆಯ ದಡದ ಹಳ್ಳೂರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆಸಿದ ಈ ನೆಲೆಯ ಮಣ್ಣನ್ನು ಮುಂದೆ ಸಸ್ಯಾವಶೇಷಗಳಿಗಾಗಿ ಪರೀಕ್ಷಿಸಿದಾಗ, ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭದ ಹೊತ್ತಿನ ಹತ್ತಿಯ ಸುಟ್ಟ ಅವಶೇಷ ಕಂಡುಬಂತು. ವಿಧಾನ ಸರಳ: ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಇದ್ದಿಲಾದ ಬೀಜ ತೇಲಿ ಬರುತ್ತದೆ. ಬೀಜ ಕಂಡೊಡನೆ ಬಟ್ಟೆ ಇತ್ತೆಂದು ಹೇಳಲೂ ಆಗದು. ಅಗಸೆ ಸಿಕ್ಕರೆ ನಾರಿಗೆ ಬೆಳೆದರೋ ಎಣ್ಣೆಗೋ ಎಂಬ ಪ್ರಶ್ನೆ ಏಳುತ್ತದೆ. ಅಗಸೆ ಚಟ್ನಿಪುಡಿ ತಿನ್ನುವ ನಾಡಿಗೆ ಇದನ್ನು ವಿವರಿಸಬೇಕಿಲ್ಲ.

ನಿಜವಾದ ದಾರ ಉಳಿದದ್ದು ಹೆಚ್ಚಾಗಿ ಲೋಹದ ಆಸರೆಯಲ್ಲಿ. ತಾಮ್ರ, ಬೆಳ್ಳಿಯ ಲವಣಗಳು ಸೂಕ್ಷ್ಮಜೀವಿಗಳನ್ನು ದೂರವಿಡುತ್ತವೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿ ಬಟ್ಟೆ, ಮಹಾರಾಷ್ಟ್ರದ ನೆವಾಸದಲ್ಲಿ ಮಗುವಿನ ಕೊರಳ ತಾಮ್ರದ ಮಣಿಗಳೊಳಗಿದ್ದ ದಾರ, ಬಲೂಚಿಸ್ತಾನದ ಮೆಹರ್‌ಗಢದಲ್ಲಿ ತಾಮ್ರದ ಮಣಿಯೊಳಗೆ ಕಂಡ ಹತ್ತಿಯ ಎಳೆ, ಎಲ್ಲವೂ ಹೀಗೆ ಬದುಕಿದವು. ಕಬ್ಬಿಣದ ವರ್ತನೆ ಬೇರೆ: ತುಕ್ಕು ಹಿಡಿಯುವಾಗ ಅದು ಎಳೆಯನ್ನೇ ಆವರಿಸಿ, ನಾರು ಕರಗಿ ಹೋದ ಮೇಲೂ ಹಾಸು-ಹೊಕ್ಕಿನ ಆಕಾರವನ್ನು ಅಚ್ಚಿನಂತೆ ಹಿಡಿದಿಡುತ್ತದೆ. ಆದ್ದರಿಂದ ಕಲ್ಲುಗೋರಿಗಳ ಕತ್ತಿ, ಈಟಿಗಳನ್ನು ಹೊಳಪು ಬರಿಸಲು ಉಜ್ಜುವ ಮುನ್ನ ಆ ತುಕ್ಕನ್ನೇ ಸೂಕ್ಷ್ಮದರ್ಶಕದಡಿ ನೋಡಬೇಕಾಗುತ್ತದೆ. ಒಮ್ಮೆ ಉಜ್ಜಿದರೆ ಅಚ್ಚೂ ಹೋಗುತ್ತದೆ.